ತಾಯಮ್ಮ ಲೇಔಟ್, ಒಂದನೇ ಹಂತ

ತಡಿ ತಡಿ ತಡಿ... ಅಯ್ಯೋ, ಈ ವಿಗ್ಗಿನ ಮೇಲೆ ಕೂತ್ಬಿಡ್ತಿದ್ನಲ್ಲೇ ಜಲಜಾ! ತಗೋ, ಆ ಕಡೆ ಇಡು. ನಿನ್ನ ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಅಂತ ಹೋದ ಭಾನುವಾರ ನಾನೇ ಕೂತು ಹತ್ತಿ ಅಂಟಿಸಿ ಮಾಡಿಕೊಟ್ಟಿದ್ದು. ಬೆಳ್ಳಗೆ ಕೆನೆಮೊಸರಿನ ಥರ ಇತ್ತು! ಒಂದೇ ವಾರಕ್ಕೆ ಇಟ್ಟಿಗೆ ಗೂಡಲ್ಲಿ ಬಿದ್ದೆದ್ದಂಗೆ ಆಗಿದೆಯಲ್ಲ, ಇದನ್ನ ಹಾಕ್ಕೊಂಡು ಎಲ್ಲಿ ಹೊರಳಾಡಿದ್ಲು ಗಾನವಿ? ...ಹೇಳಲ್ವಾ? ಸರಿ ಬಿಡು.

ನಾನೆಲ್ಲಿ ಕೂರ್ಲಿ? ಇದ್ರಲ್ಲಾ? ಅಲ್ಲ ಕಣೇ, ಡೇಕೇರ್ ನಡೆಸ್ತೀಯ ಸರಿ, ಮನೇಲಿ ದೊಡ್ಡೋರು ಕೂರೋ ಅಂಥದ್ದು ಒಂದಾದ್ರೂ ಕುರ್ಚಿ ಬೇಡ್ವಾ? ಎರಡು ವರ್ಷದ ಕೂಸಿನ ಕುರ್ಚಿಗೆ ನಲವತ್ತೆಂಟು ವರ್ಷದ ಸೊಂಟ... ಹ್ಞಾ. ಹೋಯ್ತು ಒಳಗೆ. ಕೂತೆ. ನಗೋದಾದ್ರೆ ನಕ್ಬಿಡು, ಬಿಗಿ ಹಿಡ್ಕೋಬೇಡ. ...ನಗಲ್ವಾ?

ಶುಕ್ರವಾರ ಫೋನ್ ಎತ್ತಲಿಲ್ಲ, ಶನಿವಾರ ಎತ್ತಲಿಲ್ಲ. ಎಲ್ಲಿಗೆ ಹೋಗಿದ್ರಿ, ತಾಹೋ ಸರೋವರ ನೋಡೋಕಾ? ಹೊರಗೆ ನಿನ್ನ ಗಂಡನ ಕಾರು ನೋಡ್ದೆ. ನಂಬರ್ ಪ್ಲೇಟೇ ಕಾಣಲ್ಲ, ಅಷ್ಟು ಧೂಳು! ತೊಳೆಯೋಕೆ ಹೇಳು ಮಾರಾಯ್ತಿ, ಸಾಂಟಾ ಕ್ಲಾರಾದಲ್ಲಿ ನೀರಿಗೇನು ಬರ ಬಂದಿದ್ಯಾ? ...ಆಯ್ತಮ್ಮ, ಕೇಳಲ್ಲ. ನೀನು ಮಕ್ಕಳ ಬೆಡ್‌ಶೀಟು ಮಡಚ್ತಾ ಇರು, ನಾನು ಮಾತಾಡ್ತೀನಿ.

ವಿಷ್ಯ ಏನಪ್ಪಾ ಅಂದ್ರೆ, ಎರಡನೇ ಹಂತ! ಹೌದು ಕಣೇ! ನೆವಾಡಾದಲ್ಲಿ ನಮ್ಮ ಜಮೀನಿಗೆ ಅಂಟಿಕೊಂಡೇ ಇನ್ನೂ ನಲವತ್ತು ಎಕ್ರೆ ಕೊಡ್ತೀನಿ ಅಂದಿದಾನೆ ಜಮೀನು ಮಾರೋ ಕಂಪ್ನಿಯವನು. ಒಂದನೇ ಹಂತ ಹೆಂಗೆ ಹೋಯ್ತು ನೋಡು, ಹನ್ನೊಂದು ಮನೆಯವರು, ಹನ್ನೊಂದು ಸೈಟು, ಒಂದು ವಾರದಲ್ಲಿ ಖಾಲಿ! ಈ ಬೇ ಏರಿಯಾದಲ್ಲಿ ನಮ್ಮ ಸಂಬಳಕ್ಕೆ ಒಂದು ಗರಾಜು ಬರಲ್ಲ, ಅಲ್ಲಿ ಒಬ್ಬೊಬ್ಬರಿಗೆ ಮೂರೂವರೆ ಎಕ್ರೆ. ನಮ್ಮಮ್ಮನ ಹೆಸ್ರಲ್ಲಿ ಲೇಔಟು. ಹುಬ್ಬು ಯಾಕೆ ಏರಿಸ್ತೀಯ? ನೀನು ಸ್ವಂತ ಡೇಕೇರ್ ಕಟ್ಟಡಕ್ಕೆ ಅಂತ ಎಂಟು ವರ್ಷ ಕೂಡಿಟ್ಟಿದ್ದನ್ನ ಇದಕ್ಕೆ ಹಾಕ್ದೆ. ಮರೆತಿಲ್ಲ ಕಣೇ. ಅದಕ್ಕೇ ನಿಂಗೆ ಈಶಾನ್ಯದ ಮೂಲೆ ಸೈಟು ಕೊಟ್ಟಿದ್ದು!

ಈಗ ನೀನು ಜಾಸ್ತಿ ಏನೂ ಮಾಡ್ಬೇಡ. ಬೆಳಗ್ಗೆ ಮಕ್ಕಳನ್ನ ಬಿಡೋಕೆ ಬರ್ತಾರಲ್ಲ ಅಮ್ಮಂದಿರು, ಅವರಿಗೆ ಒಂದು ಮಾತು. 'ನಾವೂ ತಗೊಂಡಿದೀವಿ, ಚೆನ್ನಾಗಿದೆ.' ಅಷ್ಟೇ! ನಾನು ಹೇಳಿದ್ರೆ ಮುನಿರಾಜು ವ್ಯಾಪಾರಕ್ಕೆ ಬಂದ ಅಂತಾರೆ. ಮಕ್ಕಳನ್ನೇ ನಿನ್ನ ಕೈಗೆ ಕೊಟ್ಟೋರು ನಿನ್ನ ಮಾತು ನಂಬಲ್ವಾ?

ಜನ ಎಷ್ಟು ಹಚ್ಕೊಂಡಿದಾರೆ ಗೊತ್ತಾ? ಅಸೋಸಿಯೇಷನ್ ಮಾಡಿ ಆಯ್ತು. ವಿಜಯಪುರದ ಸಂಗನಬಸಪ್ಪನೋರು ಅಧ್ಯಕ್ಷರು. ಅವರು ಸೆಕೆಂಡ್ ಕ್ರಾಸಲ್ಲಿ ಯಾರೂ ಕಾರ್ ನಿಲ್ಲಿಸಬಾರ್ದು ಅಂತ ರೂಲ್ ಮಾಡಿದ್ರು. ಗುರುಕಿರಣ್ ನಿಲ್ಲಿಸೇ ನಿಲ್ಲಿಸ್ತೀನಿ ಅಂದ. ಎರಡು ಬಣ ಆಗಿ ಮೂರು ತಿಂಗಳಿಂದ ವಾಟ್ಸಾಪಲ್ಲಿ ಮಾತು ಬಿಟ್ಟಿದಾರೆ! ...ಕ್ರಾಸು ಎಲ್ಲಿದೆ ಅಂತ ತಾನೇ ನೋಡ್ತಿರೋದು ಹಂಗೆ? ಬರತ್ತೆ ಕಣೇ. ಮೊದ್ಲು ಜಗಳ ಬರತ್ತೆ, ಆಮೇಲೆ ರೋಡು ಬರತ್ತೆ, ಬೆಂಗ್ಳೂರಲ್ಲಿ ನೋಡಿಲ್ವಾ ನಾವು?

ನಿನ್ನ ಮಗಳು ಗಟ್ಟಿಗಿತ್ತಿ ಬಿಡು. ಅವಳ ಪ್ರಾಜೆಕ್ಟಲ್ಲಿ ಆ ವಿಗ್ಗು ಹಾಕ್ಕೊಂಡು ಇನ್ನೂರೈವತ್ತು ವರ್ಷದ ಹಿಂದಿನ ಫಿಲಡೆಲ್ಫಿಯಾ ಸೆಟ್ಟಿ ಪಾತ್ರ. ಕಂಬಳಿ, ಕೊಡಲಿ, ಪಾತ್ರೆಪಗಡ ಮಾರ್ಕೊಂಡಿದ್ದ ಸೆಟ್ಟರು ಒಂದಿನ ಕಾಫಿ ಅಂಗಡೀಲಿ ಕೂತು ಮ್ಯಾಪ್ ಬಿಚ್ಚಿದ್ರಂತೆ. ಬೆಟ್ಟದ ಸಾಲಿನ ಆಚೆಗೆ ಗೆರೆ ಎಳೆದು, ಇದು ನಂದು, ಅದು ನಿಂದು ಅಂತ ಪಾಲು ಮಾರಿದ್ರಂತೆ. ಅಲ್ಲಿ ಆಗ್ಲೇ ಜನ ಇದ್ರು, ಬೇಟೆ ಆಡ್ಕೊಂಡು, ಜೋಳ ಬೆಳ್ಕೊಂಡು! ಅವರನ್ನ ಕೇಳಿದೋರು ಯಾರು? ಸೆಟ್ಟಿ ಬೆಟ್ಟ ಹತ್ತಲಿಲ್ಲ, ಇಳೀಲಿಲ್ಲ. ಒಂದು ಸಲನೂ ಹೋಗಿ ನೋಡ್ಲಿಲ್ಲ, ದಡ್ಡ ನನ್ಮಗ... ಸಾರಿ, ಮಗು ಒಳಗಿದ್ಯಾ?

ಅದನ್ನೆಲ್ಲ ಹೇಳಿಕೊಟ್ಟೆ. ಕೊನೇಲಿ ನನ್ನ ಮುಖನೇ ನೋಡಿ ಏನು ಕೇಳಿದ್ಲು ಗೊತ್ತಾ? 'ಮಾಮ, ಡಿಡ್ ಯೂ ಗೋ?' ಓಹೋಹೋ! ಹೋಗಿದ್ದೆ ಕಂದ, ಹೋಗಿ ನಿಂತು ಬಂದಿದೀನಿ ಅಂದೆ. ನೀನೂ ಇಲ್ಲೇ ಇದ್ಯಲ್ಲ, ಕೇಳಿಸ್ಕೊಂಡೆ ತಾನೇ? ಮಟ್ಟಸ ಜಾಗ ಕಣೇ, ಅಂಗೈ ಥರ. ದೂರದಲ್ಲಿ ಕೆರೆ ಹೊಳೀತಿತ್ತು. ಬೆಳಗಿನ ಗಾಳಿ, ಆಹಾ! ಕಾಯಿ ಒಡೆದು, ಕರ್ಪೂರ ಹಚ್ಚಿ, ನೀನು ಕೊಟ್ಟಿದ್ದ ಹಾರ್ಲಿಕ್ಸ್ ಬಾಟ್ಲಿ ಬಿಚ್ಚಿ, ಅದ್ರಲ್ಲಿದ್ದ ಅಮ್ಮನ ಹಿತ್ತಲ ಮಣ್ಣನ್ನ ನಾಲ್ಕು ಮೂಲೆಗೂ ಒಂದೊಂದು ಹಿಡಿ ಬೆರೆಸ್ದೆ. 'ಅಮ್ಮ, ಬಾರಮ್ಮ, ನಿನ್ನ ಮಕ್ಕಳ ಜೊತೆ ಇಲ್ಲೇ ಇರು' ಅಂದೆ. ಕಣ್ಣಲ್ಲಿ ನೀರು ಬಂತು ಕಣೇ ನಂಗೆ. ನೀನು ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ಯಲ್ಲ ಪೂಜೆ ಫೋಟೋ, ಅದ್ರಲ್ಲೇ ಕಾಣತ್ತೆ ಹುಲ್ಲು ಎಷ್ಟು ಹಸಿರು ಅಂತ... ಎಲ್ಲಿ, ಗೋಡೆ ಮೇಲೆ ಇಲ್ವಲ್ಲ? ಮೊಳೆ ಕಿತ್ಕೊಂಡು ಬಿತ್ತಾ?

ಏನಿದು, ಫೋನ್ ಯಾಕೆ ಕೊಡ್ತೀಯ? ಫೋಟೋನಾ... ಕೊಡು, ಕನ್ನಡಕ ಹಾಕ್ಕೋತೀನಿ.

ಹ್ಹ! ಏನೇ ಇದು, ಗೋಡೆನಾ? ಬಂಡೆ! ಕಡಿದಾದ ಬಂಡೆ! ನೆತ್ತಿ ಮೇಲೊಂದು ಗೂಟ, ಪಾತಾಳದಲ್ಲೊಂದು ಗೂಟ. ಇದನ್ನ ಯಾವನೋ ಸೈಟು ಅಂತ ತಗೊಂಡಿದಾನಾ? ಅಯ್ಯೋ ದೇವ್ರೇ! ಬೇರೆ ಸೈಟುಗಳು ಮಲಗಿರ್ತವೆ, ಇದು ಎದ್ದು ನಿಂತಿದೆಯಲ್ಲೇ! ಹ್ಹಹ್ಹ... ತಾಳು, ಹೊಟ್ಟೆ ನೋಯ್ತಿದೆ... ಇಲ್ಲಿ ಒಲೆ ಮೇಲೆ ಸಾರಿಟ್ರೆ ಕುದಿಯೋ ಹೊತ್ತಿಗೆ ಉರುಳಿ ಕೆಳಗಿನ ಮನೆಯವರ ತಟ್ಟೇಲಿರತ್ತೆ! ಈಶಾನ್ಯ ಎಲ್ಲಿದೆ ಇದಕ್ಕೆ, ಆಕಾಶದಲ್ಲಾ? ಒಂದು ಹುಲ್ಲುಕಡ್ಡಿ ಇಲ್ಲ. ಯಾರೇ ಆ ಮಹಾನುಭಾವ? ನೋಡ್ದೆ ತಗೊಂಡಿದಾನೆ ಕಣೇ, ಬರೆದಿಟ್ಕೋ! ನೋಡಿದವನು ತಗೊಳ್ಳೋ ಜಾಗ ಅಲ್ಲ ಇದು!

ನಗೇ! ನಿಂಗೆ ನಗು ಬರ್ತಿಲ್ವಾ? ಶೀಟು ಮಡಚೋದು ಯಾಕೆ ನಿಲ್ಲಿಸ್ದೆ?

ಏನು, ದೊಡ್ಡದು ಮಾಡಿ ನೋಡ್ಬೇಕಾ? ಮಾಡ್ದೆ. ಹೂಂ... ಕಲ್ಲು. ಇನ್ನೊಂದು ಕಲ್ಲು. ಕೆಳಗಿನ ಗೂಟದ ಹತ್ರ ಏನೋ ಬೆಳ್ಳಗೆ ಚುಕ್ಕೆ. ಹಕ್ಕಿ ಇರ್ಬೇಕು. ಹಕ್ಕಿಗೆ ಕಾಲು... ಪ್ಯಾಂಟು ಹಾಕಿದ್ಯಾ...

ಇದು... ಹತ್ತಿ.

ಇದು ನಾನು ಅಂಟಿಸಿದ ಹತ್ತಿ.

ಗಾನವಿ ಅಲ್ಲಿ ಯಾಕೆ ನಿಂತಿದಾಳೆ ಜಲಜಾ?

ಇಲ್ಲ ಇಲ್ಲ, ನೀವು ದಾರಿ ತಪ್ಪಿದೀರ! ನಂದು ಬೇರೆ ಜಾಗ, ಇದ್ರ ಹಿಂದೆ... ಬಂಡೆ ಹಿಂದೆ ಕೆರೆ... ಗೂಟದ ಮೇಲೆ ನಂಬರ್ ಇದ್ಯಾ? ನಿನ್ನ ಸೈಟಿನ ಪತ್ರದಲ್ಲಿರೋ ನಂಬರೇನಾ? ಒಂದೇನಾ? ...ಮಾತಾಡೇ. ಬೈಯೇ. ಚಪ್ಪಲಿ ತಗೊಂಡು ಹೊಡೀ ಬೇಕಾದ್ರೆ, ಹಿಂಗೆ ಸುಮ್ನೆ ನೋಡ್ಬೇಡ್ವೇ!

ಹೊರಟಿದ್ದೆ ಕಣೇ. ಅಮ್ಮನಾಣೆ ಹೊರಟಿದ್ದೆ. ಇಲ್ಲೇ, ಒಂದು ಗಂಟೆ ದಾರಿ, ವಾಲ್ನಟ್ ಕ್ರೀಕ್ ತನಕ ಹೋದೆ. ಫ್ರೀವೇ ಜಾಮು, ಮಧ್ಯಾಹ್ನಕ್ಕೆ ಆಫೀಸಲ್ಲಿ ದಿಢೀರ್ ಮೀಟಿಂಗು, ಇನ್ನೂ ಎಂಟು ಗಂಟೆ ದಾರಿ... ಕಂಪ್ನಿಯವನ ವೆಬ್‌ಸೈಟಲ್ಲಿ ಕೆರೆ ಇತ್ತಲ್ಲೇ, ಗಾಳಿ ಹೆಂಗಿರತ್ತೆ ಅಂತ ಅಂದಾಜು ಆಗಿತ್ತು ನಂಗೆ! ಅಲ್ಲೇ ಒಂದು ಗ್ರೋಸರಿ ಪಾರ್ಕಿಂಗ್ ಲಾಟಲ್ಲಿ ಕಾಯಿ ಒಡೆದೆ. ಆ ಪೂಜೆ ಫೋಟೋಲಿರೋದು ಅವರ ಹುಲ್ಲು. ದಿನಾ ನೀರು ಬಿಡ್ತಾರೆ. ನನ್ನ ಸೈಟೂ ಇದೆ ಕಣೇ ಅಲ್ಲಿ, ನಿನ್ನ ಪಕ್ಕದ್ದೇ, ಮೋಸ ಅಂತ ಮಾತ್ರ ತಿಳ್ಕೋಬೇಡ...

ಸದ್ಯ, ಕೈ ಚಾಚಿದ್ಯಲ್ಲ. ಎಳೀ, ಜೋರಾಗಿ ಎಳೀ, ಈ ಹಾಳಾದ ಕುರ್ಚಿ ಸೊಂಟ ಬಿಡ್ತಿಲ್ಲ... ಎಳೀತಿಲ್ವಲ್ಲ ನೀನು? ಎಬ್ಬಿಸೋಕಲ್ವಾ? ಮತ್ತೆ ಏನು ಬೇಕು, ಹಣನಾ? ಕೊಡ್ತೀನಿ ಕಣೇ, ಹೆಂಗಾದ್ರೂ... ಅದೂ ಅಲ್ವಾ?

ಓ.

ಅಮ್ಮನ ಮಣ್ಣು... ಡಿಕ್ಕೀಲಿದೆ. ಸ್ಟೆಪ್ನಿ ಪಕ್ಕ, ಟವೆಲಲ್ಲಿ ಸುತ್ತಿಟ್ಟಿದೀನಿ. ಬಾಟ್ಲಿ ಒಡೆದಿಲ್ಲ ಜಲಜಾ. ಮುಚ್ಚಳ ಕೂಡ ತೆಗೆದಿಲ್ಲ.