ನೆಟ್ಟಗೆ ನಿಂತ ಗುಲಾಬಿ

ತಾಯಂದಿರೇ, ಹಿರಿಯರೇ, ನಿನ್ನೆ ಇದೇ ಮಠದಲ್ಲಿ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ನನ್ನ ಹತ್ತಿರ ಬಂದು ಕೇಳಿದರು. "ಅಪ್ಪಾರ, ಬಾಗಬೇಕು ಬಾಗಬೇಕು ಅಂತ ದಿನಾ ಹೇಳ್ತೀರಿ. ಬಾಗಿದ್ರ ಏನ್ ಸಿಗತೈತ್ರಿ?" ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಶಾಸ್ತ್ರದ ಉತ್ತರ ಕೊಡಬಹುದು, ಕೊಟ್ಟರೆ ಹಿಂದಿನ ಸಾಲಿನವರಿಗೆ ನಿದ್ದೆ ಬಂದೀತು. ಅದಕ್ಕೆ ಒಂದು ಗುಲಾಬಿ ಗಿಡದ ಕಥೆ ಹೇಳುತ್ತೇನೆ.

ಒಂದು ಪೇಟೆ ಊರು. ಆ ಊರಲ್ಲೊಬ್ಬ ಶ್ರೀಮಂತ. ಹೆಸರಿಲ್ಲದಿದ್ದರೆ ನಿಮಗೆ ಸಮಾಧಾನವಾಗುವುದಿಲ್ಲ, ಈರಸಂಗಪ್ಪ ಅನ್ನೋಣ. ಅವನಿಗೊಬ್ಬ ತಮ್ಮ, ಮಹಾರುದ್ರಪ್ಪ. ಅಪ್ಪ ಬಿಟ್ಟುಹೋದ ಜಾಗದಲ್ಲಿ ತಮ್ಮ ಹಳೆಯ ಮನೆಯಲ್ಲೇ ಉಳಿದ. ಅಣ್ಣ ಪಕ್ಕದಲ್ಲಿ ದೊಡ್ಡದೊಂದು ಮನೆ ಕಟ್ಟಿಸಿದ. ಪಾಲಿನಲ್ಲಿ ಜಗಳವಾಗಲಿಲ್ಲ. ಜಗಳವಾದದ್ದು ಅವ್ವನ ವಿಷಯಕ್ಕೆ. ಹೊಸ ಮನೆಗೆ ಬಾ ಎಂದು ಅಣ್ಣ ಎಷ್ಟು ಕರೆದರೂ ಅವ್ವ ಹೋಗಲಿಲ್ಲ. ಹಳೆಯ ಮನೆಯಲ್ಲೇ ಇದ್ದಳು, ಅಲ್ಲೇ ತೀರಿಕೊಂಡಳು. "ತಮ್ಮನೇ ಅವ್ವನ ಕಿವಿ ಊದಿದ, ನನ್ನ ಅನ್ನ ಅಕಿಗೆ ಸೇರದ್ಹಂಗ ಮಾಡಿದ" ಎಂದು ಅಣ್ಣ ತಿಳಿದುಕೊಂಡ. ತಿಳಿದುಕೊಂಡ, ನೋಡಿ! ಯಾರನ್ನೂ ಕೇಳಲಿಲ್ಲ. ಕೇಳದೆ ತಿಳಿದುಕೊಳ್ಳುವುದರಲ್ಲಿ ನಾವೆಲ್ಲ ಪಂಡಿತರು.

ಮಾತು ನಿಂತಿತು. ಎರಡು ಮನೆಗಳ ನಡುವೆ ಆಳೆತ್ತರದ ಗೋಡೆ ಎದ್ದಿತು. ಗೋಡೆ ಎದ್ದರೂ ಅಣ್ಣನಿಗೆ ನೆಮ್ಮದಿ ಇಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ಅದೇ ಗೋಡೆ, ಗೋಡೆ ಕಂಡರೆ ತಮ್ಮನ ನೆನಪು. ಹೆಂಡತಿ ನೀಲಗಂಗವ್ವನಿಗೆ ಹೇಳಿದ: "ಈ ಗೋಡಿ ಕಣ್ಣಿಗೆ ಬೀಳಬಾರದು. ಇದರ ಮ್ಯಾಲ ಏನರ ಹಬ್ಬಸು. ಲಗೂನ ಹಬ್ಬಬೇಕು."

"ಗುಲಾಬಿ ಹಬ್ಬಸೋಣ್ರಿ. ಮುಂಜಾನಿ ಬಿಸಲು ಚಲೋ ಬೀಳತೈತಿ ಇಲ್ಲಿ" ಎಂದಳು ಆಕೆ.

"ಗುಲಾಬಿ ಯಾವಾಗ ಬೆಳೀತೈತಿ, ಯಾವಾಗ ಮುಚ್ಚತೈತಿ?" ಎಂದವನೇ ತಾನೇ ಹೋಗಿ, ಒಂದೇ ಮಳೆಗಾಲದಲ್ಲಿ ಮನೆಯನ್ನೇ ನುಂಗುವಂಥ ಕಾಡುಬಳ್ಳಿಯೊಂದನ್ನು ತಂದು ನೆಟ್ಟ. ನೆಟ್ಟ ಬಳ್ಳಿ ಮಾತು ಉಳಿಸಿಕೊಂಡಿತು. ಗೋಡೆ ಮುಚ್ಚಿತು. ಆಮೇಲೆ ಕಿಟಕಿ ಮುಚ್ಚಿತು. ಆಮೇಲೆ ನಳದ ಪೈಪಿಗೆ ಸುತ್ತಿಕೊಂಡಿತು. ಹೂವು? ಒಂದೂ ಇಲ್ಲ. ಎಲೆಯ ಕೆಳಗೆ ಕತ್ತಲು, ಕತ್ತಲಲ್ಲಿ ಇಲಿ, ಇಲಿಯ ಹಿಂದೆ ಹಾವು. ಒಂದು ದಿನ ಬಟ್ಟೆ ಒಣಹಾಕಲು ಹೋದ ನೀಲಗಂಗವ್ವ ಚೀರಿಕೊಂಡು ಓಡಿಬಂದಳು. ಆಳುಗಳನ್ನು ಕರೆಸಿ ಬಳ್ಳಿ ಕೀಳಿಸಿದರೆ ಅದರ ಬೇರಿನ ಜೊತೆ ಗೋಡೆಯ ಗಾರೆಯೂ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು.

ಆಮೇಲೆ ಗುಲಾಬಿಯ ಸರದಿ. ನೀಲಗಂಗವ್ವ ಗೋಡೆಯ ಬುಡದಲ್ಲೇ ನೆಡಲಿಲ್ಲ. ಅಲ್ಲಿ ಮಣ್ಣು ಒಣಗಿರುತ್ತದೆ ಎಂದು ಒಂದು ಮೊಳ ಈಚೆಗೆ ಗುಂಡಿ ತೋಡಿಸಿ, ಹಟ್ಟಿಗೊಬ್ಬರ ತುಂಬಿ, ಹಬ್ಬುವ ಗುಲಾಬಿಯ ಸಸಿ ಇಟ್ಟಳು. ಗೋಡೆಗೆ ಮೊಳೆ ಹೊಡೆಸಿ ಅಡ್ಡಡ್ಡ ತಂತಿ ಬಿಗಿಸಿದಳು. ಬೇರೆ ಬಳ್ಳಿಗಳ ಹಾಗೆ ಗುಲಾಬಿ ತಾನಾಗಿ ಗೋಡೆ ಹಿಡಿಯುವುದಿಲ್ಲ, ಕಟ್ಟಿ ನಡೆಸಬೇಕು. ಗಿಡ ಎದೆಯೆತ್ತರ ಬಂದಾಗ ಗಂಡನನ್ನು ಕರೆದಳು.

"ಈಗ ಟೊಂಗಿ ಎಳೀವು ಅದಾವ. ಅಡ್ಡ ಬಗ್ಗಿಸಿ ತಂತಿಗೆ ಕಟ್ಟೋಣ್ರಿ."

"ಯಾಕ ಬಗ್ಗಸಬೇಕು? ಈರಸಂಗಪ್ಪನ ಗಿಡ ನೆಟ್ಟಗ ನಿಂದ್ರಬೇಕು. ನೆಟ್ಟಗ ಕಟ್ಟು!"

ನೆಟ್ಟಗೆ ಕಟ್ಟಿದರು. ಗಿಡ ನೆಟ್ಟಗೆ ಮೇಲೇರಿತು. ಗೋಡೆ ದಾಟಿತು. ಹೂ ಬಿಡುವ ಕಾಲ ಬಂದಾಗ ಏನಾಯಿತು ಗೊತ್ತೇ? ಗುಲಾಬಿಯ ಟೊಂಗೆ ನೆಟ್ಟಗಿದ್ದರೆ ಹೂವು ತುದಿಯಲ್ಲಷ್ಟೇ ಬಿಡುತ್ತದೆ. ತುದಿ ಎಲ್ಲಿತ್ತು? ತಮ್ಮನ ಅಂಗಳದ ಮೇಲೆ ಬಾಗಿ ತೂಗುತ್ತಿತ್ತು. ಅಣ್ಣನ ಕಡೆ ಬರೀ ಮುಳ್ಳು, ತಮ್ಮನ ಕಡೆ ಗೊಂಚಲು ಗೊಂಚಲು ಕೆಂಪು ಹೂವು. ನೀವು ನಗುತ್ತೀರಿ. ಈರಸಂಗಪ್ಪ ನಗಲಿಲ್ಲ.

ಹೀಗಿರುವಾಗ ತಮ್ಮನ ಮಗಳು ದಾಕ್ಷಾಯಿಣಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಆ ಹುಡುಗಿ ಚಿಕ್ಕವಳಿದ್ದಾಗ ದೊಡ್ಡಪ್ಪನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ. ಈಗ ತಮ್ಮ ಯಾರ ಕೈಯಲ್ಲೋ ಹೇಳಿಕಳಿಸಿದ್ದ: ದೊಡ್ಡಪ್ಪ ಬರಬೇಕು ಅಂತ. ಈರಸಂಗಪ್ಪ ಹೋಗಲಿಲ್ಲ. ಹೋಗಲಿಲ್ಲ, ಆದರೆ ಸುಮ್ಮನೆ ಕೂರಲೂ ಆಗಲಿಲ್ಲ. ತಮ್ಮನ ಮನೆಯ ಗೇಟಿನ ಹತ್ತಿರ ನಿಂತು ಇಣುಕಿದ. ಪಡಸಾಲೆಯಲ್ಲಿ ಹುಡುಗಿ ತಟ್ಟೆ ಹಿಡಿದು ನಿಂತಿದ್ದಾಳೆ, ಜಡೆಯಲ್ಲಿ ಕೆಂಪು ಗುಲಾಬಿ.

"ನೀರು ನಂದು, ಗೊಬ್ಬರ ನಂದು, ಹೂವು ಅವರಿಗೆ!"

ಒಳಗೆ ಹೋಗಿ ಕತ್ತರಿ ತಂದ. ಸ್ಟೂಲು ಇಟ್ಟು ಹತ್ತಿದ. ನೀಲಗಂಗವ್ವ ಓಡಿಬಂದು ಸ್ಟೂಲು ಹಿಡಿದುಕೊಂಡಳು. "ಇವತ್ತ ಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ. ಮಂದಿ ಕುಂತಾರ ಅಲ್ಲಿ." ಅವನು ಕೇಳಲಿಲ್ಲ. ಟೊಂಗೆಗಳನ್ನೆಲ್ಲ ಈಚೆಗೆ ಎಳೆದುಕೊಂಡು ಒಂದು ಹೂವೂ ಆಚೆ ಉಳಿಯದ ಹಾಗೆ ಕತ್ತರಿಸಿಬಿಡಬೇಕು ಅಂತ ಅವನ ಹಟ. ಒಂದು ಟೊಂಗೆಗೆ ಕೈ ಹಾಕಿ ಜಗ್ಗಿದ. ಅದು ಲಟಕ್ಕನೆ ಮುರಿಯಿತು. ಮುಳ್ಳು ಅಂಗೈಯಿಂದ ಮಣಿಕಟ್ಟಿನವರೆಗೆ ಸೀಳಿತು. "ಅಯ್ಯೋ" ಎಂದ ದನಿ ಆಚೆ ಕೇಳಿತು.

ಪಡಸಾಲೆಯಲ್ಲಿದ್ದವರೆಲ್ಲ ಅಂಗಳಕ್ಕೆ ಬಂದರು. ಗೋಡೆಯ ಮೇಲೆ ಒಂದು ತಲೆ, ಒಂದು ರಕ್ತದ ಕೈ, ಇನ್ನೊಂದು ಕೈಯಲ್ಲಿ ಕತ್ತರಿ. ಗಂಡಿನ ತಂದೆ ಗಾಬರಿಯಾಗಿ ಕೇಳಿದರು: "ಇವರ್ಯಾರ್ರಿ?"

ಇಲ್ಲಿ ಸ್ವಲ್ಪ ನಿಲ್ಲೋಣ. ಮಹಾರುದ್ರಪ್ಪ ಏನು ಹೇಳಬಹುದಿತ್ತು? "ಬಾಜೂ ಮನಿಯವರು" ಅನ್ನಬಹುದಿತ್ತು. ಸುಳ್ಳಲ್ಲ. "ಹೊಟ್ಟೆಕಿಚ್ಚಿನವರು" ಅನ್ನಬಹುದಿತ್ತು. ಅದೂ ಸುಳ್ಳಲ್ಲ. ವರ್ಷಗಟ್ಟಲೆ ನುಂಗಿದ ನೋವನ್ನೆಲ್ಲ ಕಕ್ಕಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಮನಸ್ಸಿನಲ್ಲೇ ಹೇಳಿಕೊಳ್ಳಿ, ನನಗೆ ಕೇಳಿಸುವುದು ಬೇಡ.

ಮಹಾರುದ್ರಪ್ಪ ಹೇಳಿದ: "ಇವರು ನಮ್ಮ ಅಣ್ಣಾರು. ನಮ್ಮ ಮನೀ ಹಿರ್‍ಯಾರು. ಮಗಳಿಗೆ ಹೂವು ಕೊಯ್ದು ಕೊಡಾಕ ಏರ್‍ಯಾರ." ಎಂದವನೇ ಗೋಡೆಯ ಹತ್ತಿರ ಬಂದು ತಲೆಯೆತ್ತಿ ನೋಡಿದ. "ಜಗ್ಗಬ್ಯಾಡಣ್ಣಾ, ಕೈ ಹರಕೋತಿ. ನಾ ಈ ಕಡಿಂದ ಎತ್ತಿ ಕೊಡ್ತೀನಿ."

ಗಿಡ ಕತ್ತರಿಸಲು ಬಂದ ಈರಸಂಗಪ್ಪ ಎಲ್ಲರೂ ನೋಡುತ್ತಿರುವಾಗ ಒಂದು ಹೂವು ಕತ್ತರಿಸಿದ, ಇನ್ನೊಂದು ಕತ್ತರಿಸಿದ, ಕೆಳಗೆ ಚಾಚಿದ. ದಾಕ್ಷಾಯಿಣಿ ಓಡಿಬಂದು ಸೆರಗು ಒಡ್ಡಿದಳು. "ದೊಡ್ಡಪ್ಪಾ, ರಕ್ತ ಬರಾಕತ್ತೈತಿ, ಇಳಿ ನೀ ಮೊದಲ" ಎಂದಳು.

ಇಳಿದ. ನೀಲಗಂಗವ್ವ ಸೆರಗಿನ ಅಂಚು ಹರಿದು ಅವನ ಕೈಗೆ ಸುತ್ತಿದಳು. "ನಡೀರಿ ಹೋಗೂಣು" ಎಂದಳು.

"ಯಾವ ಮುಖ ಇಟ್ಕೊಂಡು ಹೋಗ್ಲೇ?"

"ಇರೋದು ಒಂದ ಮುಖ ಅಲ್ರೀ? ಅದನ್ನ ಇಟ್ಕೊಂಡು ಬರ್ರಿ."

ಹೋದರು. ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟಳು. ಹಿರಿಯರ ಜಾಗ ಖಾಲಿ ಇತ್ತು, ಅಲ್ಲಿ ಕೂರಿಸಿದರು. ಗಂಡಿನ ತಂದೆ "ನೀವೇನಂತೀರ್‍ರಿ ಹಿರ್‍ಯಾರು?" ಎಂದು ಕೇಳಿದಾಗ ಈರಸಂಗಪ್ಪ ಹೇಳಿದ: "ಈ ಹುಡುಗೀನ ಹುಟ್ಟಿದಾಗಿಂದ ನೋಡೀನ್ರಿ. ನಡುವ ಒಂದಿಷ್ಟು ವರ್ಷ ಕಣ್ಣು ಮುಚ್ಕೊಂಡಿದ್ದೆ. ತಪ್ಪು ನಂದು. ಹುಡುಗಿ ಬಂಗಾರ." ಮದುವೆ ಕುದುರಿತು.

ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಒಂದು ದನಿ: "ತಮ್ಮಾ, ಒಂದು ಕೈ ಹಚ್ಚು ಬಾರೋ." ತನ್ನ ಅಂಗಳಕ್ಕೆ ಜೋತುಬಿದ್ದಿದ್ದ ಟೊಂಗೆಗಳನ್ನು ತಮ್ಮ ಒಂದೊಂದಾಗಿ ಬಿಡಿಸಿ ಎತ್ತಿ ಕೊಟ್ಟ, ಅಣ್ಣ ಹಿಡಿದುಕೊಂಡ, ನೀಲಗಂಗವ್ವ ಬಾಳೆನಾರಿನಿಂದ ತಂತಿಗೆ ಸಡಿಲವಾಗಿ ಕಟ್ಟಿದಳು. ಒಂದೇ ಸಲ ಬಗ್ಗಿಸಿದರೆ ಮುರಿಯುತ್ತವೆ. ಇವತ್ತು ಒಂದಿಷ್ಟು, ನಾಲ್ಕು ದಿನ ಬಿಟ್ಟು ಇನ್ನೊಂದಿಷ್ಟು. ಹಾಗಾಗಿ ಕೆಲಸ ವಾರಗಟ್ಟಲೆ ನಡೆಯಿತು. ಕೈ ಕೆಲಸ ಮಾಡುವಾಗ ಬಾಯಿ ಹಗುರಾಗುತ್ತದೆ. ಒಂದು ದಿನ ಅಣ್ಣ ಕೇಳಿಯೇಬಿಟ್ಟ: "ಅವ್ವ ಯಾಕೋ ನಮ್ಮ ಮನೀಗೆ ಬರಲಿಲ್ಲ?"

ತಮ್ಮ ಟೊಂಗೆ ಹಿಡಿದುಕೊಂಡೇ ಹೇಳಿದ: "ನಿಮ್ಮ ಮನಿ ಮೆಟ್ಟಲ ಭಾಳ ಎತ್ತರ ಅಣ್ಣಾ. ಅಕಿ ಮೊಣಕಾಲು ಹೋಗಿದ್ದವು. ಒಂದಿನ ನೀವಿಬ್ಬರೂ ಊರಾಗ ಇಲ್ಲದಾಗ ಬಂದು, ಏರಾಕ ಆಗದ ಹೊಳ್ಳಿ ಬಂದಳು. 'ಆಸೆಪಟ್ಟು ಮನಿ ಕಟ್ಟಿಸ್ಯಾನ, ಮೆಟ್ಟಲ ಏರಾಕ ಆಗೂದಿಲ್ಲ ಅಂದ್ರ ನೊಂದ್ಕೋತಾನ. ಹೇಳಬ್ಯಾಡ' ಅಂದಳು."

ಈರಸಂಗಪ್ಪ ಗೋಡೆಗೆ ಹಣೆ ಹಚ್ಚಿ ಅತ್ತ. ಆಚೆ ಕಡೆ ತಮ್ಮನೂ ಅತ್ತ. ನೀಲಗಂಗವ್ವ ಇಬ್ಬರಿಗೂ ಚಹಾ ಕಾಸಿಕೊಂಡು ಬಂದಳು.

ಮುಂದಿನ ಹೂವಿನ ಕಾಲಕ್ಕೆ ಏನಾಯಿತು ಗೊತ್ತೇ? ಅಡ್ಡ ಬಾಗಿದ ಟೊಂಗೆಯಲ್ಲಿ ಗಣ್ಣು ಗಣ್ಣಿಗೂ ಚಿಗುರು, ಚಿಗುರು ಚಿಗುರಿಗೂ ಮೊಗ್ಗು. ಗೋಡೆ ಬುಡದಿಂದ ತಲೆಯವರೆಗೆ ಕೆಂಪಾಯಿತು. ಅದೇ ಗಿಡ, ಅದೇ ಮಣ್ಣು, ಅದೇ ಬಿಸಿಲು. ಗೋಡೆ ಕೆಡವಿದರೇ ಅಂತ ಕೇಳುತ್ತೀರಿ. ಇಲ್ಲ, ಗೋಡೆ ಇದೆ. ಒಂದು ಬಾಗಿಲು ಇಡಿಸಿದರು. ದಾಕ್ಷಾಯಿಣಿಯ ಮದುವೆಯ ಊಟದೆಲೆಗಳು ಆ ಬಾಗಿಲಿನ ಈಚೆಗೂ ಆಚೆಗೂ ಬಿದ್ದವು.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ತಲೆ ತಗ್ಗಿಸಬೇಡಿ, ನಾನು ಯಾರ ಮುಖವನ್ನೂ ನೋಡುತ್ತಿಲ್ಲ.

ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿದ್ದೀರಿ: ನನಗೆ ವಯಸ್ಸಾಯಿತು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಗಾದೆಯನ್ನು ಗುರಾಣಿ ಮಾಡಿಕೊಳ್ಳಬೇಡಿ. ತೀರ ಬಲಿತ ಗುಲಾಬಿಯ ಟೊಂಗೆ ಬಾಗುವುದಿಲ್ಲ, ನಿಜ. ಆದರೆ ಎಷ್ಟು ಹಳೆಯ ಗಿಡವಾದರೂ ಮಳೆ ಬಿದ್ದೊಡನೆ ಬುಡದಿಂದ ಹೊಸ ಚಿಗುರು ಹೊಡೆಯುತ್ತದೆ. ಅದನ್ನು ಬಾಗಿಸಿ. ಇವತ್ತು ಹುಟ್ಟಿದ ಸಣ್ಣದೊಂದು ಒಳ್ಳೆಯ ಮನಸ್ಸು ನಿಮ್ಮಲ್ಲೂ ಇದೆ. ಅದು ಗಟ್ಟಿಯಾಗುವ ಮೊದಲೇ ಬಾಗಿಸಿ.

ನೀವು ಮಾತು ಬಿಟ್ಟವರು ಯಾರೋ ಒಬ್ಬರಿದ್ದಾರೆ. ಅವರನ್ನು ಕುರಿತು ಯಾರಾದರೂ "ಇವರ್ಯಾರ್ರಿ" ಎಂದು ಕೇಳಿದರೆ ಅವರ ನಿಜವಾದ ಸಂಬಂಧ ಹೇಳಿ. ಅಕ್ಕನಾಗಿದ್ದರೆ ಅಕ್ಕ ಅನ್ನಿ, ಗೆಳೆಯನಾಗಿದ್ದರೆ ಗೆಳೆಯ ಅನ್ನಿ. ಮದುವೆ ಬರಲಿ, ಹಬ್ಬ ಬರಲಿ ಎಂದು ಕಾಯಬೇಡಿ. ದೊಡ್ಡ ಮಾತು ಸಿದ್ಧ ಮಾಡಿಕೊಂಡು ಹೋಗಬೇಡಿ, ಲೆಕ್ಕ ತೀರಿಸಲು ಹೋಗಬೇಡಿ. ಒಂದು ಸಣ್ಣ ಸಹಾಯ ಕೇಳಿ. ಏಣಿ ಕೇಳಿ, ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿ, ಮಂಚ ಎತ್ತಿಡಲು ಒಂದು ಕೈ ಕೇಳಿ. ಕೊಡಲು ಎಲ್ಲರಿಗೂ ಬರುತ್ತದೆ. ಕೇಳುವವನು ಬಾಗಬೇಕು, ಅಲ್ಲೇ ಇದೆ ಕಷ್ಟ. ಅಲ್ಲೇ ಇದೆ ಹೂವು.

ನಾಳೆ ಬೆಳಿಗ್ಗೆ ನೀವು ಪ್ರವಚನಕ್ಕೆ ಬರದಿದ್ದರೆ ನನಗೆ ಬೇಸರವಿಲ್ಲ. ಯಾರ ಬಾಗಿಲಿಗೋ ಹೋಗಿದ್ದೀರಿ ಎಂದು ತಿಳಿದುಕೊಳ್ಳುತ್ತೇನೆ. ಈ ಮಠ ಅರ್ಧ ಖಾಲಿಯಾಗಲಿ, ನಾನು ಸಂತೋಷದಿಂದ ಕಂಬಗಳಿಗೆ ಪ್ರವಚನ ಹೇಳುತ್ತೇನೆ. ಹೋಗಿಬನ್ನಿ.