ಪದ್ಮಣ್ಣ ಸುತ್ತಿದ ಟ್ರಾನ್ಸ್‌ಫಾರ್ಮರು

ಹೊಸನಗರದಲ್ಲಿ ನನ್ನ ದೊಡ್ಡಪ್ಪನ ಮಗ ಆದೀಶ ಇದ್ದಾನಲ್ಲ, ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು... ಅವನಿಗೆ ಆದದ್ದು ಇದು. ಅವನೆದುರಿಗೆ ಮಾತ್ರ ಈ ಮಾತು ಎತ್ತಬೇಡಿ. ತಲೆ ತಗ್ಗಿಸಿ ಎದ್ದು ಹೋಗಿಬಿಡ್ತಾನೆ.

ಅವತ್ತು ಕರೆಂಟ್ ಹೋಗಿತ್ತು. ಕತ್ತಲಾಗಿ ಬಹಳ ಹೊತ್ತಾಗಿತ್ತು. ಆದೀಶ ಒಂದು ಭಾರದ ಕಬ್ಬಿಣದ ಪೆಟ್ಟಿಗೆಯನ್ನ ಎದೆಗೆ ಅವಚಿಕೊಂಡು ಮನೆ ಕಡೆ ಬರ್ತಿದ್ದ. ಅದೊಂದು ಹಳೇ ವಾಲ್ವ್ ಆಂಪ್ಲಿಫೈಯರು. ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲೆಯೇ ಬಾಯಿ ಬಿಡೋ ಅಂಥದ್ದು. ಕೆಳಗಿನ ಬೀದಿಯ ವನಮಾಲಮ್ಮನದು. ಅವರ ಗಂಡ ಪದ್ಮಣ್ಣ ಮೈಕ್‌ಸೆಟ್ ಇಟ್ಕೊಂಡಿದ್ರು. ಬಸದಿ ಪೂಜೆ ಇರಲಿ, ಮದುವೆ ಇರಲಿ, ಯಕ್ಷಗಾನ ಇರಲಿ, ಊರಿಗೆಲ್ಲ ಆ ಪೆಟ್ಟಿಗೆಯದೇ ದನಿ. ಪದ್ಮಣ್ಣ ತೀರಿಕೊಂಡ ಮೇಲೆ ಅದೂ ಸುಮ್ಮನಾಯ್ತು.

ರಿಪೇರಿಗೆ ಕೊಡುವಾಗ ವನಮಾಲಮ್ಮ ಒಂದೇ ಮಾತು ಹೇಳಿದ್ರು. "ಹಾಳಾದದ್ದೇನಿದ್ರೂ ಬದಲಾಯಿಸು ಮಗಾ. ಆದ್ರೆ ಒಳಗಿರೋ ಆ ದೊಡ್ಡ ಟ್ರಾನ್ಸ್‌ಫಾರ್ಮರ್ ಮುಟ್ಟಬೇಡ. ಅದರ ತಂತೀನ ಅವರು ಕೈಯಲ್ಲೇ ಸುತ್ತಿದ್ದು. ನಮ್ಮ ಮದುವೆ ಆದ ಹೊಸದು. ಅವರು ತಂತಿ ಸುತ್ತೋ ರಾಟೆಯ ಹಿಡಿ ತಿರುಗಿಸೋದು, ನಾನು ಪಕ್ಕದಲ್ಲಿ ಕೂತು ಸುತ್ತು ಎಣಿಸೋದು. ಆಗಾಗ 'ಎಷ್ಟಾಯ್ತೇ?' ಅಂತ ಕೇಳೋರು."

"ಮುಟ್ಟಲ್ಲ ದೊಡ್ಡಮ್ಮ" ಅಂದಿದ್ದ ಆದೀಶ.

ದಾರೀಲಿ ಪಂಚಾಯ್ತಿ ಬಾವಿ ಸಿಗುತ್ತೆ. ಅದರ ಹತ್ತಿರ ಬರ್ತಿದ್ದ ಹಾಗೆ ಕೇಳಿಸ್ತು... ಕಿರ್ರ್... ಕಿರ್ರ್... ಕಿರ್ರ್... ಯಾರೋ ರಾಟೆಯಲ್ಲಿ ನೀರು ಸೇದ್ತಾ ಇದ್ದಾರೆ ಅಂದ್ಕೊಂಡ. ಈ ಹೊತ್ತಲ್ಲಿ ಯಾರಪ್ಪಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. ಬಾವಿ ಮೇಲೆ ಕಬ್ಬಿಣದ ಜಾಲರಿ. ರಾಟೆ ಕಿತ್ತು ಯಾವ ಕಾಲ ಆಯ್ತೋ.

ಕಿರ್ರ್... ಕಿರ್ರ್...

ಸದ್ದು ಬಾವಿಯಿಂದ ಬರ್ತಿರಲಿಲ್ಲ. ಅವನ ಎದೆಯ ಹತ್ತಿರದಿಂದ ಬರ್ತಿತ್ತು.

ಪೆಟ್ಟಿಗೆಯ ಸ್ಕ್ರೂ ಸಡಿಲ ಆಗಿರಬೇಕು, ನಡೆಯುವಾಗ ಉಜ್ಜುತ್ತೆ ಅಂತ ತನಗೆ ತಾನೇ ಹೇಳ್ಕೊಂಡ. ನಿಂತು ನೋಡಿದ. ನಿಂತಾಗಲೂ ಕೇಳಿಸ್ತು. ಆಮೇಲೆ ನಿಲ್ಲದೆ ಬಂದ.

ಮನೇಲಿ ರಿಪೇರಿ ಶುರುವಾಯ್ತು. ಒಣಗಿದ ಕಂಡೆನ್ಸರುಗಳನ್ನ ತೆಗೆದು ಹೊಸದು ಹಾಕಿದ. ಇಲಿ ಕಡಿದ ವೈರು ಬದಲಾಯಿಸಿದ. ಟ್ರಾನ್ಸ್‌ಫಾರ್ಮರಿಗೆ ಏನೂ ಆಗಿರಲಿಲ್ಲ. ಮೇಲೆಲ್ಲ ಡಾಂಬರು ಬಳಿದು ಕರ್ರಗಿತ್ತು, ನೋಡೋಕೆ ಅಸಹ್ಯ, ಆದ್ರೆ ಮೀಟರ್ ಹಿಡಿದು ನೋಡಿದ್ರೆ ಗಟ್ಟಿಮುಟ್ಟು. ಕೆಲಸ ಅಲ್ಲಿಗೆ ಮುಗಿದಿತ್ತು.

ಆದ್ರೆ ಅವನು ಅದರ ಫೋಟೋ ತೆಗೆದು, ವಾಲ್ವ್ ಸೆಟ್ ಹುಚ್ಚಿರೋರ ವಾಟ್ಸಾಪ್ ಗುಂಪಿಗೆ ಹಾಕಿದ. ಒಬ್ಬ ಬರೆದ: "ಇದೇನು ಮೇಷ್ಟ್ರೇ, ರೋಡಿಂದ ಎತ್ಕೊಂಡು ಬಂದ ಡಾಂಬರು ಉಂಡೆನಾ?" ಉಳಿದವರೆಲ್ಲ ನಕ್ಕರು. ಆದೀಶನ ಕಿವಿ ಬಿಸಿಯಾಯ್ತು. ಅವತ್ತೇ ಬೆಳ್ಳಗೆ ಫಳಫಳ ಅನ್ನೋ ಹೊಸ ಟ್ರಾನ್ಸ್‌ಫಾರ್ಮರ್ ತರಿಸೋಕೆ ಹೇಳಿದ.

ಅದು ಬಂದ ದಿನ ಕಟರ್ ತಗೊಂಡು ಹಳೇದರ ತಂತಿಗಳನ್ನ ಕತ್ತರಿಸಿದ. ಟಕ್... ಟಕ್... ಬುಡಕ್ಕೇ ಕತ್ತರಿಸಿದ. ಮತ್ತೆ ಜೋಡಿಸೋ ಮನಸ್ಸು ತನಗೇ ಬರಬಾರದು ಅಂತಲೋ ಏನೋ.

ಹೆಂಡತಿ ಸಮತಾ ಬಾಗಿಲಲ್ಲಿ ನಿಂತು ನೋಡ್ತಿದ್ಲು. "ಮುಟ್ಟಲ್ಲ ಅಂದಿದ್ರಿ."

"ಅವರಿಗೆಲ್ಲಿ ಗೊತ್ತಾಗ್ತದೆ?"

"ಗೊತ್ತಾಗದೇ ಇರಬಹುದು. ಹೇಳಿಬಿಡಿ ಆದ್ರೂ."

ಆದೀಶ ಹಳೇದನ್ನ ಬಿಸ್ಕತ್ ಡಬ್ಬಕ್ಕೆ ಹಾಕಿ ಒಳಕೋಣೆಯ ಮಂಚದ ಕೆಳಗೆ ತಳ್ಳಿದ.

ಭಾನುವಾರ ವನಮಾಲಮ್ಮ ಬಂದ್ರು. ಹೊತ್ತು ಮುಳುಗೋ ಮುಂಚೆ ಊಟ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮದುವೆಗೆ ಬಂದ ಹಾಗೆ ಬಂದಿದ್ರು. ಆದೀಶ ಸ್ವಿಚ್ ಹಾಕಿದ. ವಾಲ್ವುಗಳು ನಿಧಾನಕ್ಕೆ ಕೆಂಪಾದ್ವು. ಆಮೇಲೆ ಮೊಬೈಲಿಂದ ಹಾಕಿದ ಶಹನಾಯಿ ಹೊರಟಿತು... ತುಂಬಾ ಚೆನ್ನಾಗಿತ್ತು. ಒಂದು ಚೂರು ಗೊರಗೊರ ಇಲ್ಲ.

ವನಮಾಲಮ್ಮ ಕಣ್ಣು ಮುಚ್ಚಿ ಕೇಳಿದ್ರು. ಮುಗಿದ ಮೇಲೆ ಮೆಲ್ಲಗೆ, "ಚೆನ್ನಾಗದೆ ಮಗಾ. ಅವರದ್ದು ಹಾಗೇ ಇಟ್ಟಿದ್ದೀಯಲ್ಲ?" ಅಂದ್ರು.

ಸಮತಾ ಅವನ ಮುಖ ನೋಡಿದ್ಲು.

"ಹ್ಞೂಂ ದೊಡ್ಡಮ್ಮ. ಹಾಗೇ ಇದೆ" ಅಂದ ಆದೀಶ.

ಆಗ ಒಳಕೋಣೆಯಿಂದ ಬಂತು...

ಕಿರ್ರ್... ಕಿರ್ರ್... ಹಿಡಿ ತಿರುಗಿಸೋ ಸದ್ದು. ಅದರ ಜೊತೆಗೆ ತಂತಿ ಸರ್ರನೆ ಬಿಚ್ಕೊಂಡು ಬರೋ ಸದ್ದು. ಆದೀಶ ಕೈ ಚಾಚಿ ಆಂಪ್ಲಿಫೈಯರಿನ ಸ್ವಿಚ್ ಆರಿಸಿದ. ಸದ್ದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ನಿಂತಿತು. ಒಬ್ಬ ಗಂಡಸು ಉಸಿರು ಬಿಟ್ಟ ಹಾಗಾಯ್ತು. ಆಮೇಲೆ, ತೀರಾ ಪಕ್ಕದಲ್ಲಿ ಕೂತೋರನ್ನ ಕೇಳೋ ಅಷ್ಟು ಮೆತ್ತಗೆ...

"ಎಷ್ಟಾಯ್ತೇ?"

ವನಮಾಲಮ್ಮ ಬೆಚ್ಚಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಮುನ್ನೂರ ಹನ್ನೆರಡು" ಅಂದ್ರು. ಅಭ್ಯಾಸಬಲ. ಬಾಯಿ ತಾನಾಗಿ ಹೇಳಿತ್ತು.

ಆಮೇಲೆ ಕಣ್ಣು ಬಿಟ್ಟರು. ಎದ್ದರು. ಯಾರನ್ನೂ ಕೇಳದೆ ಒಳಗೆ ಹೋಗಿ, ನೇರ ಮಂಚದ ಹತ್ತಿರ ಬಗ್ಗಿ ಡಬ್ಬ ಎಳೆದ್ರು. ನೆಲದ ಮೇಲೆ ಕೂತು ಆ ಕರೀ ಉಂಡೆಯನ್ನ ಮಡಿಲಲ್ಲಿ ಇಟ್ಕೊಂಡ್ರು. ತಂತಿ ಇದ್ದ ಜಾಗವನ್ನ ಬೆರಳಲ್ಲಿ ತಡವಿದ್ರು.

ಆದೀಶ ಬಾಗಿಲಲ್ಲಿ ನಿಂತಿದ್ದ. ದೆವ್ವದ ಹೆದರಿಕೆ ಅವನಿಗೆ ಆಗ ಇರಲೇ ಇಲ್ಲವಂತೆ. ಅವರು ಎಲ್ಲಿ ತಲೆ ಎತ್ತಿ ನೋಡ್ತಾರೋ ಅನ್ನೋದೇ ಹೆದರಿಕೆ.

ನೋಡಿದ್ರು. ಬೈಯಲಿಲ್ಲ.

"ಸೇರಿಸೋಕೂ ಒಂಚೂರು ಬಿಟ್ಟಿಲ್ಲವಲ್ಲ ಮಗಾ" ಅಂದ್ರು.

"ಬಿಚ್ಚಿ ಸರಿಮಾಡ್ತೀನಿ ದೊಡ್ಡಮ್ಮ... ನಾಳೆನೇ..."

"ಬೇಡ. ನೀನು ಇದನ್ನ ಮುಟ್ಟೋದು ಬೇಡ."

ಸೆರಗಲ್ಲಿ ಸುತ್ಕೊಂಡು ಹೊರಟರು. ಸಮತಾ ಟಾರ್ಚ್ ಹಿಡಿದು ಮನೆ ತನಕ ಬಿಟ್ಟು ಬಂದ್ಲು. ದಾರೀಲಿ ಅವರು ಸೆರಗಿನ ಒಳಗಿದ್ದುದರ ಜೊತೆಗೆ ಏನೋ ಪಿಸುಗುಡ್ತಾ ಇದ್ರಂತೆ. ಸಮತಾ ಕೇಳಿಸ್ಕೊಳ್ಳೋಕೆ ಹೋಗಲಿಲ್ಲ.

ಮರುದಿನ ಆದೀಶ ಆಂಪ್ಲಿಫೈಯರನ್ನ ಹೊತ್ಕೊಂಡು ಅವರ ಮನೆಗೆ ಹೋದ. ಕಾಲಿಗೆ ಬಿದ್ದ. ಅವರು ಕಾಫಿ ಕೊಟ್ಟರು. "ಅದು ಚೆನ್ನಾಗಿ ಹಾಡ್ತದಲ್ಲ, ನೀನೇ ಇಟ್ಕೋ. ನಂಗೆ ಬೇಕಾದ್ದು ನನ್ನ ಹತ್ರ ಇದೆ" ಅಂದ್ರು. ಅದಕ್ಕಿಂತ ಎರಡು ಏಟು ಹೊಡೆದಿದ್ರೆ ವಾಸಿಯಿತ್ತು ಅಂತ ಆಮೇಲೆ ನನ್ನ ಹತ್ರ ಹೇಳಿದ. ಆ ವಾಟ್ಸಾಪ್ ಗುಂಪಿಂದ ಹೊರಗೆ ಬಂದ. ಆ ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಹಾಕಿದ. ಈಗಲೂ ವನಮಾಲಮ್ಮ ಬಸದಿಗೆ ಹೊರಟಿದ್ದು ಕಂಡ್ರೆ ಬೇರೆ ಓಣಿ ಹಿಡೀತಾನೆ.

ನೀವು ನಂಬಬೇಕು ಅಂತಿಲ್ಲ. ಆದ್ರೆ ಹೋದ ಮಳೆಗಾಲದಲ್ಲಿ ನಾನೇ ವನಮಾಲಮ್ಮನ ಮನೆಗೆ ಹೋಗಿದ್ದೆ. ಮೇಳಿಗೆ ಊರಲ್ಲಿರೋ ತಂಗಿ ಮನೇಲಿ ಒಂದು ತಿಂಗಳಿದ್ದು, ಆಗಷ್ಟೇ ಬಂದು ಬೀಗ ತೆಗೀತಿದ್ರು. ಸಾಮಾನು ಒಳಗಿಡೋಕೆ ನಾನೂ ಕೈ ಹಾಕಿದೆ. ಗೋಡೆಯ ಗೂಡಲ್ಲಿ ಆ ಕರೀ ಉಂಡೆ ಇತ್ತು. ಒಂದು ತಂತಿ ಇಲ್ಲ, ಸುತ್ತ ಒಂದು ಪ್ಲಗ್ ಇಲ್ಲ. ಮನೆಯೆಲ್ಲ ಥಂಡಿ, ಬೂಷ್ಟು ವಾಸನೆ, ಒಲೆಯ ಬೂದಿ ಒದ್ದೆಯಾಗಿತ್ತು.

ಅವರು ಅತ್ತ ತಿರುಗಿದಾಗ ಮುಟ್ಟಿ ನೋಡಿದೆ. ಈ ಕೈಯಲ್ಲೇ ಮುಟ್ಟಿದ್ದು.

ಬೆಚ್ಚಗಿತ್ತು.