ಸೀಟಿ ಹಿಡಿದವರ ಆಸೆ

ಬಸ್ಸಿಗೆ ಕಾಯುವ ಸಾಲಿನಲ್ಲಿ ಒಬ್ಬ ದರ್ಜಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದರು, ಕಂಕುಳಲ್ಲಿ ಗುರಿಹಲಗೆಗೆ ಅಂಟಿಸುವ ಕಾಗದದ ಸುರುಳಿ. ಬಸ್ಸು ಹತ್ತಿಸಲು ಬಂದಿದ್ದ ಮೈದುನ ಅವರದೇ ದನಿಯನ್ನು ಅಣಕಿಸಿ ಗದರುತ್ತಿದ್ದ.

“‘ಉಸಿರು ಹಿಡೀರಿ! ಬಂದೂಕು ಕೆಳಗಿಡಿ! ಗೆರೆ ದಾಟಿದ್ರೆ ಕಾಲು ಮುರೀತೀನಿ!’ ನಮ್ಮ ಶೂಟಿಂಗ್ ಕ್ಲಬ್ಬಲ್ಲಿ ಗುಂಡಿಗಿಂತ ನಿಮ್ಮ ಸದ್ದೇ ಜಾಸ್ತಿ, ಅತ್ತಿಗೆ.”

“ಅಣಕಿಸು, ಅಣಕಿಸು. ಸೀಟಿ ಹಿಡಿದು ಎಲ್ಲರನ್ನ ನೋಡ್ಕೊಳ್ಳೋರು ಬಂದೂಕು ಹಿಡಿಯೋ ಹಾಗಿಲ್ಲ. ನಿಯಮ.”

“ಬರೆದೋರು ಯಾರು?”

“ನಾನೇ. ಸೀಟೀನ ಇನ್ಯಾರೂ ಮುಟ್ಟಲ್ಲ ಅಂತ ಆಗ ಯಾರಿಗೆ ಗೊತ್ತಿತ್ತು!”

“ನೀವು ಗುಂಡು ಹೊಡೆದು ಎಷ್ಟು ದಿನ ಆಯ್ತು?”

“ದಿನ ಅಂತೆ! ಒಂಬತ್ತು ವರ್ಷ. ಬಟ್ಟೆಗೆ ಕ್ಲಿಪ್ಪು ಹಾಕೋವಾಗ್ಲೂ ಬೆರಳು ಟ್ರಿಗರ್ ಹುಡುಕುತ್ತೆ ಕಣೋ.”

“ಈ ಭಾನುವಾರ ಸೀಟಿ ನಂಗೆ ಕೊಡಿ.”

ಅತ್ತಿಗೆ ಕಾಗದದ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ಇನ್ನೊಬ್ಬರ ಮಾತಿಗೆ ಕಿವಿಗೊಡಬಾರದೆಂದು ಗೊತ್ತಿದ್ದೂ ದರ್ಜಿ ಒಂದು ಹೆಜ್ಜೆ ಮುಂದೆ ಸರಿದ.

“ಎಲ್ಲರ ಮುಂದೆ ಗುರಿ ತಪ್ಪಿದ್ರೆ? ಯಾರನ್ನ ಬೈದಿಲ್ಲ ನಾನು?”

“ತಪ್ಪಲಿ ಬಿಡಿ. ಬೈಯೋಕೆ ನಾವೂ ಕಾದಿದೀವಿ.”

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಅತ್ತಿಗೆ ಹಿಂದೆ ತಿರುಗಿ, ಗದರುವ ಗಂಟಲನ್ನು ಆದಷ್ಟು ತಗ್ಗಿಸಿದರು.

“ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಬಾ. ಬೇರೆಯವರು ಬರೋಕೆ ಮುಂಚೆ.”